ಕ್ಯಾರೆಟ್ ರೂಮಿನ ಲಾರ್ಚ್

ಕೋಲ್ಡ್ ಸ್ಟೋರೇಜಿನ ದಪ್ಪ ಬಾಗಿಲು ತೆಗೆದಾಗ ಬರುವ ವಾಸನೆಯಿಂದಲೇ ಒಳಗೇನಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಸೇಬಿನ ಕೋಣೆಯದು ಸಿಹಿ, ಕೊನೆಗೆ ಸ್ವಲ್ಪ ಹುಳಿ. ಆಲೂಗಡ್ಡೆಯದು ಹಳೆಯ ಗೋಣಿಚೀಲ. ಕ್ಯಾರೆಟ್ಟಿನದು ಆಗಷ್ಟೇ ಅಗೆದ ಒದ್ದೆ ಮಣ್ಣು. ಹೋದ ವಾರ ಊಟಿಯಿಂದ ಬಂದ ಲೋಡು ನೋಡಲು ಯಶವಂತಪುರದ ಕಡೆ ಹೋಗಿದ್ದೆ. ಬಾಗಿಲು ಸರಿಯಿತು, ಹಬೆಯಂಥ ಚಳಿ ಕಾಲಿಗೆ ಸುತ್ತಿಕೊಂಡಿತು, ಒದ್ದೆ ಮಣ್ಣಿನ ವಾಸನೆ ಬಂತು. ಅದರ ಹಿಂದೆಯೇ ಅಲ್ಲಿ ಇಲ್ಲದ ಇನ್ನೊಂದು ವಾಸನೆಯೂ ಬಂದಂತಾಯಿತು. ಬೆಟ್ಟದ ಮರದ ಅಂಟಿನ ವಾಸನೆ. ಹೊರಗೆ ಬೇಸಿಗೆಯ ಬಿಸಿಲು ಸುಡುತ್ತಿತ್ತು. ನಾನು ಮಾತ್ರ ಕೆಲವು ವರ್ಷ ಹಿಂದಿನ ಒಂದು ಚಳಿಗಾಲದಲ್ಲಿ ನಿಂತಿದ್ದೆ, ವಿಮಲಾಳ ಮೇಲಿನ ಹೊಟ್ಟೆಕಿಚ್ಚಿನ ಸಮೇತ. ಆ ಕಿಚ್ಚೂ ಅಷ್ಟೇ, ಚಳಿಯಲ್ಲಿಟ್ಟರೆ ಆರುವುದಿಲ್ಲ, ಕೆಡದೆ ಉಳಿಯುತ್ತದೆ.

ನಾನು ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ಹೆಸರು ರತ್ನ, ಗಿರಾಕಿಗಳಿಗೆ ರತ್ನಮ್ಮ. ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಹಣ್ಣು ತರಕಾರಿಯ ಅಂಗಡಿ ನನ್ನದು. ಅಮ್ಮ ಶ್ರೀರಾಂಪುರದಲ್ಲಿ ಬುಟ್ಟಿಯಲ್ಲಿ ನಿಂಬೆಹಣ್ಣು ಮಾರುತ್ತಿದ್ದಳು. ಬುಟ್ಟಿಯಿಂದ ಗಾಡಿಗೆ, ಗಾಡಿಯಿಂದ ಅಂಗಡಿಗೆ ನಾನು ಬಂದದ್ದು ಚೌಕಾಸಿಯ ಬಲದಿಂದ. ಯಾರಾದರೂ ಕೇಳಿದರೆ, ಕೇಳದಿದ್ದರೂ, ಒಂದು ಮಾತು ಹೇಳುತ್ತೇನೆ: ಬೇಕಾದ ವಸ್ತುವನ್ನು ಎರಡನೇ ಸಲ ನೋಡಬೇಡಿ. ಪಕ್ಕದ್ದನ್ನು ನೋಡಿ, ಅದರ ಬೆಲೆ ಕೇಳಿ, ಅದಕ್ಕೊಂದು ಹುಳುಕು ಹೇಳಿ, ಹೊರಡುವ ಹಾಗೆ ಮಾಡಿ. ಆಮೇಲೆ, ಹೋಗಲಿ ಪಾಪ ಎನ್ನುವ ಹಾಗೆ, ನಿಮಗೆ ಬೇಕಾದ್ದನ್ನು ಕೈಗೆತ್ತಿಕೊಳ್ಳಿ.

ಬೋನ್ಸಾಯ್ ಹುಚ್ಚು ಹತ್ತಿದ್ದು ಅಂಗಡಿ ಒಂದು ನೆಲೆಗೆ ಬಂದ ಮೇಲೆ. ತಟ್ಟೆಯಂಥ ಕುಂಡದಲ್ಲಿ ಹೆಮ್ಮರದ ಗತ್ತನ್ನು ಗಿಡ್ಡವಾಗಿ ಬೆಳೆಸುವ ಈ ಕೆಲಸದಲ್ಲಿ ನರ್ಸರಿಯ ಸಸಿಗಿಂತ, ಕಾಡಿನಲ್ಲಿ ತಾನೇ ಪೆಟ್ಟು ತಿಂದು ಸೊಟ್ಟಗೆ ಬೆಳೆದ ಮರಕ್ಕೆ ಮರ್ಯಾದೆ ಜಾಸ್ತಿ. ಬೆಂಗಳೂರಿನಲ್ಲಿ ಕಾಡೆಲ್ಲಿಂದ ಬರಬೇಕು? ನನಗೆ ಕೆಡವುವ ಮನೆಗಳೇ ಕಾಡು. ಚಾಮರಾಜಪೇಟೆಯ ಒಂದು ಹಳೆಯ ಮನೆಗೆ ಜೆಸಿಬಿ ಬಂದು ನಿಂತಿದ್ದಾಗ ಹಿತ್ತಲ ಬಾವಿಕಟ್ಟೆಯ ಪಕ್ಕ ತೊಡೆಯಷ್ಟು ದಪ್ಪದ ದಾಳಿಂಬೆ ಬೊಡ್ಡೆಯೊಂದು ಕಣ್ಣಿಗೆ ಬಿತ್ತು. ಕಾಂಡ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತ್ತು. ನಾನು ಅದರ ಕಡೆ ಬೆನ್ನು ಹಾಕಿ ಕೆಡವುವ ಮೇಸ್ತ್ರಿಯ ಹತ್ತಿರ ಒರಳುಕಲ್ಲಿಗೆ ಚೌಕಾಸಿ ಮಾಡಿದೆ, ಬಿರುಕಿದೆ ಎಂದೆ, ಬೇಡ ಎಂದೆ. ಹೊರಡುವಾಗ, "ಅಷ್ಟು ದೂರದಿಂದ ಬಂದಿದೀನಿ, ಆ ಬೊಡ್ಡೆನಾದ್ರೂ ಕಿತ್ಹಾಕಿ, ಒಲೆಗಾಗತ್ತೆ" ಎಂದೆ. ಅವನೇ ಆಟೋಗೆ ಎತ್ತಿಟ್ಟುಕೊಟ್ಟ. ನಮ್ಮ ಬೋನ್ಸಾಯ್ ಬಳಗದ ವಾರ್ಷಿಕ ಪ್ರದರ್ಶನದಲ್ಲಿ ನಡುಮೇಜು ಎಂದೊಂದು ಮೇಜು ಇರುತ್ತದೆ. ಆ ವರ್ಷದ ಶ್ರೇಷ್ಠ ಮರ ಎಂದು ಎಲ್ಲರೂ ಒಪ್ಪಿದ್ದು ಮಾತ್ರ ಅಲ್ಲಿ ಕೂರುವುದು. ನನ್ನ ದಾಳಿಂಬೆ ಸತತವಾಗಿ ಅಲ್ಲಿ ಕೂತಿತ್ತು. ವಿಮಲಾ ಬೆಟ್ಟದಿಂದ ವಾಪಸ್ ಬರುವವರೆಗೆ.

ವಿಮಲಾ ಶಂಕರಪುರದವಳು, ಬ್ಯಾಂಕಿನಲ್ಲಿದ್ದವಳು. ಬಳಗಕ್ಕೆ ನಾವಿಬ್ಬರೂ ಒಟ್ಟಿಗೇ ಸೇರಿದ್ದು. ನಿವೃತ್ತಿಗೆ ಮುಂಚಿನ ಕೊನೆಯ ಪೋಸ್ಟಿಂಗ್ ಅರುಣಾಚಲದ ಬೆಟ್ಟದ ಪೇಟೆಯೊಂದಕ್ಕೆ ಬಿದ್ದಾಗ ನಾವೆಲ್ಲ ಪಾಪ ಎಂದಿದ್ದೆವು. ನಾನು ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ ಎಂದಿದ್ದೆ. ಅವಳು ವಾಪಸ್ ಬಂದಾಗ ಒದ್ದೆ ಗೋಣಿಯಲ್ಲಿ ಸುತ್ತಿದ ಒಂದು ಮರವನ್ನು ತಂದಿದ್ದಳು. ಅದೇ ಲಾರ್ಚ್.

ಲಾರ್ಚ್ ಎಂದರೆ ಪೈನ್ ಜಾತಿಯದು, ಸೂಜಿಯಂಥ ಎಲೆ. ಆದರೆ ಪೈನಿನ ಹಾಗೆ ವರ್ಷವಿಡೀ ಹಸಿರಾಗಿರುವುದಿಲ್ಲ. ಚಳಿಗಾಲಕ್ಕೆ ಎಲೆಯನ್ನೆಲ್ಲ ಹೊಂಬಣ್ಣ ಮಾಡಿ ಉದುರಿಸಿ, ಹಿಮದಲ್ಲಿ ನಿದ್ದೆ ಮಾಡಿ, ವಸಂತದಲ್ಲಿ ಮತ್ತೆ ಚಿಗುರುತ್ತದೆ. ವಿಮಲಾ ಅದನ್ನು ಕಂಡದ್ದು ರಸ್ತೆ ಅಗಲಿಸಲು ಗುಡ್ಡ ಕಡಿಯುತ್ತಿದ್ದ ಜಾಗದಲ್ಲಿ, ಬಂಡೆಯ ಬಿರುಕಿನಲ್ಲಿ. ಮೊಣಕಾಲಿನೆತ್ತರ, ಆದರೆ ಕಾಂಡ ಮುದುಕನ ಮುಂಗೈ ಹಾಗೆ. ವರ್ಷವರ್ಷವೂ ಹಿಮ ಕೂತು ಕೂತು ಕಣಿವೆಯ ಕಡೆಗೆ ಬಗ್ಗಿಹೋಗಿತ್ತಂತೆ. ಅರಣ್ಯದವರ ಒಪ್ಪಿಗೆ ಪಡೆದು, ಮೊದಲ ವರ್ಷ ಒಂದು ಪಕ್ಕದ ಬೇರನ್ನು ಮಾತ್ರ ಕಡಿದು ಅಲ್ಲಿ ಪಾಚಿ ತುಂಬಿ ಬಿಟ್ಟಳು. ಆ ಗಾಯದಲ್ಲಿ ಕೂದಲಂಥ ಹೊಸ ಬೇರು ಬಂದ ಮೇಲೆ, ಮರುವರ್ಷ ಇನ್ನೊಂದು ಪಕ್ಕ ಕಡಿದು ಎತ್ತಿದಳು. ಕಾಡಿನ ಮರ ತರುವ ಸರಿಯಾದ ದಾರಿ ಅದೇ. ಒಂದೇ ಸಲಕ್ಕೆ ಕಿತ್ತರೆ ಮರ ಕುಂಡದಲ್ಲಿ ಕೂತಲ್ಲೇ ಸಾಯುತ್ತದೆ. ನಾನು ದಾಳಿಂಬೆಯನ್ನು ಒಂದೇ ಸಲಕ್ಕೆ ಕಿತ್ತಿದ್ದೆ, ಅದು ಬದುಕಿದ್ದು ಅದರ ಮೊಂಡುತನದಿಂದ. ಜೆಸಿಬಿ ಕಾಯುವುದಿಲ್ಲ. ವಿಮಲಾಳ ಬೆಟ್ಟ ಅವಳಿಗಾಗಿ ಎರಡು ವರ್ಷ ಕಾದಿತ್ತು. ಹೊಟ್ಟೆ ಉರಿಯಲು ಇಷ್ಟೇ ಸಾಕಾಗಿತ್ತು. ಅದರ ಮೇಲೆ ಅವಳು ಏಪ್ರಿಲ್ಲಿನ ಒಂದು ಭಾನುವಾರ ಬಳಗದವರನ್ನೆಲ್ಲ ತನ್ನ ತಾರಸಿಗೆ ಕರೆದಳು.

ಮರ ಚಿಗುರಿತ್ತು. ಕಪ್ಪು ಕೊಂಬೆಗಳ ತುಂಬ ಕುಂಚದಂಥ ಪುಟ್ಟ ಪುಟ್ಟ ಹಸಿರು ಗೊಂಚಲು. ಆ ಹಸಿರು ಬೆಂಗಳೂರಿನದಲ್ಲ, ನೀರು ಬೆರೆಸಿದ ಹಾಗಿನ ತಿಳಿ ಹಸಿರು. ಬಳಗದ ಹಿರಿಯರು ಶೇಷಾದ್ರಿ ಮೇಷ್ಟ್ರು, ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಯಾರಾದರೂ ಏನಾದರೂ ಹೇಳಬೇಕಿತ್ತು.

"ಕೊತ್ತಂಬರಿ ಸೊಪ್ಪು ಮೊಳಕೆ ಬಂದಂಗಿದೆ" ಎಂದೆ ನಾನು.

ಎಲ್ಲರೂ ನಕ್ಕರು. ವಿಮಲಾನೂ ನಕ್ಕಳು. "ಯಾಕೆ ರತ್ನ, ಕಟ್ಟು ಕಟ್ಟಿ ಅಂಗಡೀಲಿ ಇಡ್ತೀಯಾ?"

"ಬಾಡಿರೋ ಸೊಪ್ಪು ಇಡಲ್ಲಮ್ಮ ನಾನು."

"ಬಾಡಿರೋದು ಸೊಪ್ಪಲ್ಲ ಕಣೆ, ನಿನ್ನ ಮುಖ."

ಈ ಸಲ ಇನ್ನೂ ಜೋರಾಗಿ ನಕ್ಕರು. ಅವತ್ತಿನಿಂದ ಬಳಗದಲ್ಲಿ ಒಂದು ವಿಷಯ ತೀರ್ಮಾನವಾಯಿತು: ರತ್ನಮ್ಮನಿಗೆ ಲಾರ್ಚ್ ಕಂಡರೆ ಆಗುವುದಿಲ್ಲ. ನಾನೂ ಅದನ್ನು ಮುಚ್ಚಿಡಲು ಹೋಗಲಿಲ್ಲ. ಕುಂಡ ದೊಡ್ಡದಾಯಿತು ಎಂದೆ, ಕೊಂಬೆ ಬಗ್ಗಿಸಲು ತಂತಿ ಸುತ್ತಿದ್ದು ಒರಟಾಯಿತು ಎಂದೆ. ನನಗೂ ಒಂದು ಬೆಟ್ಟದ ಮರ ಬೇಕು ಎಂದು ಹಟ ಹತ್ತಿ, ಸೇಬಿನ ಲಾರಿ ತರುವ ಡ್ರೈವರಿಗೆ ಹೇಳಿದೆ. ಅವನು ಎರಡು ಟ್ರಿಪ್ಪಿನ ಮೇಲೆ ಬಕೆಟ್ಟಿನ ಮಣ್ಣಿನಲ್ಲಿ ನೆಟ್ಟ ಒಂದು ಭರ್ಜರಿ ದೇವದಾರು ತಂದ. ಸಂಭ್ರಮದಿಂದ ಎತ್ತಿ ನೋಡಿದರೆ ಬೇರೇ ಇಲ್ಲ, ಬರೀ ಕೊಂಬೆ. ನನ್ನ ಗಂಡ ಶಿವಣ್ಣ ಅದನ್ನು ವಾರವಿಡೀ ನಡುಮನೆಯಲ್ಲಿ ಇಟ್ಟುಕೊಂಡಿದ್ದ. "ಇರ್ಲಿ ಬಿಡೆ, ಕ್ರಿಸ್‌ಮಸ್ ಮಾಡೋಣ" ಎಂದು ಬಂದವರಿಗೆಲ್ಲ ತೋರಿಸಿದ.

ಮಳೆಗಾಲ ಕಳೆದು ದಸರೆಯ ಹೊತ್ತಿಗೆ ಲಾರ್ಚಿನ ಕಥೆ ಬದಲಾಯಿತು. ಎಲೆ ಹೊಂಬಣ್ಣಕ್ಕೂ ತಿರುಗಲಿಲ್ಲ, ಹಸಿರಾಗಿಯೂ ನಿಲ್ಲಲಿಲ್ಲ. ತುದಿ ಸುಟ್ಟು ಕಂದಾಗಿ, ಉದುರಲೋ ಬೇಡವೋ ಎನ್ನುವ ಹಾಗೆ ನೇತಾಡುತ್ತಿತ್ತು. ಮೇಷ್ಟ್ರು ನೋಡಿ ಹೇಳಿದರು: "ಇದಕ್ಕೆ ನಿದ್ದೆ ಬೇಕಮ್ಮ. ನಮ್ಮೂರ ಚಳಿ ಇದಕ್ಕೆ ಏನೂ ಅಲ್ಲ, ಫ್ಯಾನ್ ಹಾಕ್ದಂಗೆ. ಮೂರು ತಿಂಗಳು ಮಂಜುಗಡ್ಡೆಯಷ್ಟು ತಣ್ಣಗಿರೋ ಕಡೆ ಇಡ್ದೇ ಹೋದ್ರೆ ಬರೋ ವರ್ಷ ಚಿಗುರಲ್ಲ. ಅಲ್ಲಿಗೆ ಮುಗೀತು."

ವಿಮಲಾ ಸೋಲುವವಳಲ್ಲ. ಹಳೆಯ ದೊಡ್ಡ ಫ್ರಿಜ್ಜೊಂದನ್ನು ಕೊಂಡು ಒಳಗಿನ ತಟ್ಟೆಗಳನ್ನೆಲ್ಲ ಕಿತ್ತು ಮರವನ್ನು ನಿಲ್ಲಿಸಿದಳು. ಕಣಿವೆಯ ಕಡೆ ಬಗ್ಗಿದ ಆ ಕೊಂಬೆಯೇ ಮರದ ಅಂದ, ಅದೇ ಬಾಗಿಲಿಗೆ ಅಡ್ಡ ಬಂತು. ಹಗ್ಗ ಕಟ್ಟಿ ಬಾಗಿಲನ್ನು ಅರೆತೆರೆದೇ ಬಿಟ್ಟಳು. ಫ್ರಿಜ್ಜು ಹಗಲೂ ಇರುಳೂ ನರಳಿ ಕೊನೆಗೆ ಕೈಕೊಟ್ಟಿತು. ಆಮೇಲೆ ಒಂದು ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಬಂದು, ಸೀಬೆಹಣ್ಣು ಒಂದೊಂದಾಗಿ ಎತ್ತಿ ನೋಡುತ್ತ ನಿಂತಳು. ಸೀಬೆಹಣ್ಣು ಅವಳಿಗೆ ಆಗಿಬರುವುದಿಲ್ಲ, ಅದು ನನಗೆ ಗೊತ್ತು.

"ಏನು ಬೇಕು ಹೇಳು" ಎಂದೆ.

"ನೀನು ಕ್ಯಾರೆಟ್ ಇಡ್ತೀಯಲ್ಲ, ಆ ಕೋಲ್ಡ್ ಸ್ಟೋರೇಜು. ಅಲ್ಲಿ ಒಂದು ಮೂಲೆ ಸಿಗತ್ತಾ?"

ಆ ಕ್ಷಣ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ. ಬೆಟ್ಟ ಹತ್ತಿದವಳು ಕೊನೆಗೆ ನನ್ನ ಮೆಟ್ಟಿಲಿಗೇ ಬಂದಿದ್ದಳು. ನಾನು ತೂಕದ ಬಟ್ಟಲನ್ನು ಒರೆಸಿದೆ. ಆಮೇಲೆ ನನ್ನ ಷರತ್ತು ಹೇಳಿದೆ: ಪ್ರದರ್ಶನದ ದಿನ ಮರದ ಮುಂದಿನ ಕಾರ್ಡಿನಲ್ಲಿ ನನ್ನ ಹೆಸರೂ ಇರಬೇಕು.

"ಮೊದ್ಲು ಮರ ಬದುಕ್ಲಿ ರತ್ನ" ಎಂದಳು. ಚೌಕಾಸಿಯಲ್ಲಿ ಇದಕ್ಕೆ ಒಪ್ಪಿಗೆ ಎಂದು ಅರ್ಥವಲ್ಲ, ಇಲ್ಲ ಎಂದೂ ಅಲ್ಲ. ಒಪ್ಪಿಗೆಯ ಹತ್ತಿರದ್ದು. ನಾನು ಅಷ್ಟಕ್ಕೆ ಬಿಟ್ಟೆ.

ಕಡಲೆಕಾಯಿ ಪರಿಷೆಯ ಗಲಾಟೆ ಮುಗಿದು ಬಸವನಗುಡಿಯ ರಸ್ತೆಗಳಲ್ಲಿ ಇನ್ನೂ ಸಿಪ್ಪೆ ಹಾರಾಡುತ್ತಿದ್ದ ದಿನಗಳವು. ಕೊನೆಯ ಎಲೆಗಳನ್ನು ಕೈಯಲ್ಲೇ ಬಿಡಿಸಿ, ಬೋಳು ಮರವನ್ನು ನನ್ನ ಟೆಂಪೋದಲ್ಲಿ ಹಾಕಿಕೊಂಡು ವಿಮಲಾ, ಮೇಷ್ಟ್ರು, ನಾನು ಯಶವಂತಪುರದ ಕಡೆ ಹೋದೆವು. ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುವ ಕರೀಂ ಸಾಬರು ನನಗೆ ಗಾಡಿಯ ಕಾಲದಿಂದ ಪರಿಚಯ. ಅವರು ಮರವನ್ನು ಸುತ್ತು ಹಾಕಿ ನೋಡಿದರು. "ರತ್ನಮ್ಮ, ಇದು ಸತ್ತೋಗಿದೆಯಲ್ಲ?"

"ಮಲಗಕ್ಕೆ ಬಂದಿದೆ ಸಾಬ್ರೆ."

"ನಂ ಹತ್ರ ಆಲೂಗಡ್ಡೆ ಬರತ್ತೆ, ಸೇಬು ಬರತ್ತೆ. ಪೇಶೆಂಟ್ ಬಂದಿದ್ದು ಇದೇ ಮೊದ್ಲು" ಎನ್ನುತ್ತಾ ಅವರು ಬಾಗಿಲುಗಳನ್ನು ಒಂದೊಂದಾಗಿ ತೆಗೆದು ತೋರಿಸಿದರು.

ಸೇಬಿನ ಕೋಣೆಯ ಬಾಗಿಲು ತೆಗೆದದ್ದೇ ವಿಮಲಾ ಒಳಗೆ ಹೋಗಿ ನಿಂತುಬಿಟ್ಟಳು. ಡಬ್ಬಿಗಳ ಮೇಲೆ ಹಿಮಾಲಯದ ಕಡೆಯ ಊರುಗಳ ಹೆಸರಿತ್ತು, ಹಿಮದ ಬೆಟ್ಟದ ಚಿತ್ರವಿತ್ತು. ಅವಳ ಮುಖ ತವರಿಗೆ ಬಂದವಳ ಹಾಗಾಯಿತು. "ಇಲ್ಲೇ ಇರ್ಲಿ. ಇವೂ ಬೆಟ್ಟದವೇ. ಇದಕ್ಕೂ ಜೊತೆಯಾಗತ್ತೆ."

ಸೇಬು ಕಿತ್ತ ಮೇಲೂ ಉಸಿರಾಡುತ್ತದೆ. ಅದು ಬಿಡುವ ಗಾಳಿಗೆ ಪಕ್ಕದ ಬಾಳೆಕಾಯಿ ಹಣ್ಣಾಗುತ್ತದೆ, ಪಕ್ಕದ ಕ್ಯಾರೆಟ್ಟು ಕಹಿಯಾಗುತ್ತದೆ. ಹಾಗಾಗಿಯೇ ನಾವು ಅವೆರಡನ್ನೂ ಒಂದೇ ಕೋಣೆಯಲ್ಲಿಡುವುದಿಲ್ಲ. ಒಮ್ಮೆ ಹೂವಿನ ವ್ಯಾಪಾರಿಯೊಬ್ಬ ಜಾಗವಿಲ್ಲವೆಂದು ಗುಲಾಬಿ ಮೊಗ್ಗಿನ ಕಟ್ಟುಗಳನ್ನು ಸೇಬಿನ ಪಕ್ಕ ಇಟ್ಟು, ಎತ್ತುವಾಗ ಮೊಗ್ಗೆಲ್ಲ ಕಳಚಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಲಾರ್ಚಿನ ಮುಂದಿನ ವರ್ಷವೆಲ್ಲ ಇದ್ದದ್ದು ಕೊಂಬೆಯ ಮೇಲಿನ ಸಾಸಿವೆಕಾಳಿನಂಥ ಮೊಗ್ಗುಗಳಲ್ಲಿ. ಮೂರು ತಿಂಗಳು ಆ ಗಾಳಿ ಕುಡಿದರೆ ಅವು ಒಳಗೊಳಗೇ ಸಾಯುತ್ತವೆ.

"ಬೇಡ ವಿಮಲಾ, ಸೇಬಿನ ಹತ್ರ ಮಾತ್ರ ಬೇಡ. ಮೊಗ್ಗು ಸಾಯತ್ವೆ. ನನ್ನ ಕ್ಯಾರೆಟ್ ರೂಮಲ್ಲಿಡು" ಎಂದೆ. ಅದೂ ಅವಸರದಿಂದ, ಅವಳ ಕೈ ಹಿಡಿದು. ಅಷ್ಟು ವರ್ಷದ ವ್ಯಾಪಾರದಲ್ಲಿ ನಾನು ಹಾಗೆ ಆಸೆಯನ್ನು ಮುಖದ ಮೇಲೆ ತೋರಿಸಿದ್ದು ಅದೊಂದೇ ಸಲ.

ಅವಳು ಕೈ ಬಿಡಿಸಿಕೊಂಡಳು. "ಕ್ಯಾರೆಟ್ ರೂಮಿನ ಬೀಗದ ಕೈ ಯಾರ ಹತ್ರ ಇರತ್ತೆ?"

"ನನ್ನ ಹತ್ರ. ನನ್ನ ರೂಮು ತಾನೇ?"

"ಅದಕ್ಕೇ ಬೇಡ."

"ಏನು ಹಂಗಂದ್ರೆ?"

"ರತ್ನ, ಈ ಮರ ಬಂದಾಗಿಂದ ಇದರ ಬಗ್ಗೆ ಒಂದು ಒಳ್ಳೆ ಮಾತು ಆಡಿದೀಯಾ ನೀನು? ಒಂದೇ ಒಂದು? ಇವತ್ತು ಇದ್ದಕ್ಕಿದ್ದಂಗೆ ಇಷ್ಟು ಕಾಳಜಿ ಎಲ್ಲಿಂದ ಬಂತು?"

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಮಫ್ಲರ್ ಸರಿಮಾಡಿಕೊಂಡು, ನೋವಾಗದ ಹಾಗೆ ಹೇಳಿದರು. "ರತ್ನಮ್ಮ, ನೀವು ಹೇಳೋದು ಸರಿ ಇರ್ಬೋದು. ಸೇಬು ಗಾಳಿ ಬಿಡೋದು ನಿಜವೇ. ಆದ್ರೆ ಹೇಳ್ತಿರೋದು ನೀವಲ್ವಾ, ಅದೇ ಕಷ್ಟ."

ಅಲ್ಲಿಗೆ ಮಾತು ಮುಗಿಯಿತು. ಕರೀಂ ಸಾಬರು ಯಾರ ಕಡೆಯೂ ನೋಡದೆ ಮರವನ್ನು ಎತ್ತಿ ಸೇಬಿನ ಡಬ್ಬಿಗಳ ನಡುವೆ ಇಟ್ಟರು.

ಮನೆಗೆ ಬಂದು ಶಿವಣ್ಣನಿಗೆ ಹೇಳಿದೆ. ಅವನು ಟಿವಿಯಿಂದ ಕಣ್ಣು ತೆಗೆಯದೆ, "ಸಾಯ್ಲಿ ಬಿಡು. ನೀನಂತೂ ಹೇಳಿದೀಯಲ್ಲ. ನಿನ್ ದಾಳಿಂಬೆ ಮತ್ತೆ ನಡುಮೇಜಿಗೆ" ಎಂದ. ಅದು ನನಗೂ ಹೊಳೆದಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಟೆಂಪೋದಲ್ಲಿ ಬರುವಾಗ ದಾರಿಯುದ್ದಕ್ಕೂ ಅದೇ ಲೆಕ್ಕದಲ್ಲಿದ್ದೆ. ಆದರೆ ಲೆಕ್ಕ ಸರಿಹೋಗಲಿಲ್ಲ. ಮರ ಸತ್ತರೆ ಬಳಗದವರು ಏನೆನ್ನುತ್ತಾರೆ? ಸೇಬಿನ ಗಾಳಿ ಎನ್ನುವುದಿಲ್ಲ, ರತ್ನಮ್ಮನ ದೃಷ್ಟಿ ಎನ್ನುತ್ತಾರೆ. ಜೀವಮಾನವಿಡೀ ಆ ಮಾತು ಕೇಳಬೇಕು. ಅದೂ ಹೋಗಲಿ. ಇನ್ನೊಂದು ವಿಷಯವಿತ್ತು, ಅದನ್ನು ಶಿವಣ್ಣನಿಗೂ ಹೇಳಲಿಲ್ಲ. ಏಪ್ರಿಲ್ಲಿನ ಆ ಭಾನುವಾರ ಎಲ್ಲರೂ ಉಪ್ಪಿಟ್ಟು ತಿನ್ನಲು ಕೆಳಗೆ ಹೋದಾಗ ನಾನೊಬ್ಬಳೇ ತಾರಸಿಯಲ್ಲಿ ನಿಂತು ಆ ಹಸಿರು ಕುಂಚಗಳನ್ನು ಕೆನ್ನೆಗೆ ಒತ್ತಿಕೊಂಡಿದ್ದೆ. ಸೂಜಿಯೆಲೆ ಚುಚ್ಚುತ್ತದೆ ಎಂದುಕೊಂಡಿದ್ದೆ. ಚುಚ್ಚಲಿಲ್ಲ, ರೇಷ್ಮೆಯ ಹಾಗಿತ್ತು. ಅಂಥದ್ದು ನನ್ನ ಹತ್ತಿರ ಇಲ್ಲವಲ್ಲ ಎಂದು ಉರಿಯುವುದು ಬೇರೆ. ಅಂಥದ್ದು ಇಲ್ಲವೇ ಇಲ್ಲ ಎಂದಾದರೆ, ಯಾವುದನ್ನು ನೋಡಿ ಉರಿಯಲಿ?

ಬೆಳಿಗ್ಗೆ ಅಂಗಡಿಯ ಷಟರ್ ಎತ್ತುವಾಗ ದಾರಿ ಹೊಳೆಯಿತು. ನಾನು ಎಡವಿದ್ದು ಗಿರಾಕಿಯ ಹಾಗೆ ಆಸೆ ತೋರಿಸಿ. ವಿಮಲಾಳಿಗೆ ನನ್ನ ಬುದ್ಧಿಮಾತಿನ ಮೇಲೆ ನಂಬಿಕೆ ಇಲ್ಲ, ಆದರೆ ನನ್ನ ದುರಾಸೆಯ ಮೇಲೆ ಪೂರ್ತಿ ನಂಬಿಕೆ ಇದೆ. ಹಾಗಾದರೆ ಮಾರಬೇಕಾದದ್ದು ಅದನ್ನೇ.

ಅವತ್ತೇ ನನ್ನ ದಾಳಿಂಬೆಯನ್ನು ಟೆಂಪೋಗೆ ಹಾಕಿದೆ. ಮೈತುಂಬ ಎಲೆ, ತುದಿಯಲ್ಲಿ ಕೆಂಪು ಚಿಗುರು. ಕ್ಯಾರೆಟ್ ರೂಮಿನಲ್ಲಿ ಕ್ರೇಟುಗಳನ್ನು ಹೇಗೆ ಜೋಡಿಸಿದೆ ಎಂದರೆ, ಒಂದೇ ಒಂದು ಕುಂಡಕ್ಕೆ ಜಾಗ ಉಳಿಯುವ ಹಾಗೆ. ಅಲ್ಲಿ ಅದನ್ನಿಟ್ಟು ಬೀಗ ಹಾಕಿ, ಮೇಷ್ಟ್ರಿಗೆ ಫೋನ್ ಮಾಡಿದೆ. "ಸಾರ್, ಒಂದು ವಿಷ್ಯ. ಯಾರಿಗೂ ಹೇಳ್ಬೇಡಿ. ಕ್ಯಾರೆಟ್ ರೂಮಿನ ಚಳಿ ಗಿಡಕ್ಕೆ ಅಮೃತ ಇದ್ದಂಗೆ. ನನ್ನ ದಾಳಿಂಬೆ ಮಲಗಿಸ್ಬಿಟ್ಟಿದೀನಿ. ಎದ್ದ ತಕ್ಷಣ ಮೈತುಂಬ ಹೂವು ಬಿಡತ್ತೆ ನೋಡಿ, ಪ್ರದರ್ಶನದ ಹೊತ್ತಿಗೆ ಸರಿಯಾಗಿ."

"ಹೌದಾ! ಹಾಗಾದ್ರೆ ವಿಮಲಾ..."

"ಅವಳಿಗಂತೂ ಹೇಳ್ಲೇಬೇಡಿ."

ಯಾವುದಾದರೂ ಸುದ್ದಿ ಬಳಗದ ಮನೆಮನೆಗೂ ಮುಟ್ಟಬೇಕಾದರೆ ನೀವೂ ಹೀಗೆ ಮಾಡಿ. ಒಬ್ಬ ಸಜ್ಜನರಿಗೆ ಫೋನ್ ಮಾಡಿ, ಯಾರಿಗೂ ಹೇಳಬೇಡಿ ಎನ್ನಿ.

ಮರುದಿನ ಕರೀಂ ಸಾಬರ ಫೋನು. "ರತ್ನಮ್ಮ, ಬೇಗ ಬಂದ್ಬಿಡಿ. ನಿಮ್ಮ ಫ್ರೆಂಡು ಬಾಗಿಲ ಮುಂದೆ ಕೂತ್ಬಿಟ್ಟಿದಾರೆ."

ಹೋದೆ. ವಿಮಲಾ ಖಾಲಿ ಕ್ರೇಟಿನ ಮೇಲೆ ಕೂತಿದ್ದಳು. ಹತ್ತು ಮೆಟ್ರೋ ಹಿಡಿದು ಬಂದವಳ ಹಾಗೆ ಏದುಸಿರು.

"ನನಗೆ ಸೇಬಿನ ರೂಮು ತೋರಿಸ್ಬಿಟ್ಟು ಒಳ್ಳೇ ಜಾಗ ನೀನಿಟ್ಕೊಂಡ್ಯಾ?"

"ನಾನೆಲ್ಲಿ ತೋರಿಸ್ದೆ? ನೀನೇ ಆರಿಸ್ಕೊಂಡೆ. ಬೇಕು ಅಂದಾಗ ಕೊಡ್ತಿದ್ದೆ, ಆಗ ಬೇಡ ಅಂದೆ. ಈಗ ನನ್ನ ದಾಳಿಂಬೆ ಮಲಗಿದೆ, ಎಬ್ಬಿಸಕ್ಕಾಗಲ್ಲ."

"ನಿನಗೆ ಗೊತ್ತಿತ್ತು. ಬೇಡ ಅನ್ನಿಸಕ್ಕೆ ಅಂತಲೇ ಹಂಗೆ ಮೈಮೇಲೆ ಬಿದ್ದು ಕರೆದೆ. ನೀನು ಕರೆದ್ರೆ ನಾನು ಬರಲ್ಲ ಅಂತ ಗೊತ್ತಿತ್ತು ನಿನಗೆ."

ಇಷ್ಟೊಂದು ತಿರುವು ನನಗೇ ಹೊಳೆದಿರಲಿಲ್ಲ. ಆದರೂ, "ಗೊತ್ತಿದ್ರೆ ಗೊತ್ತಿತ್ತು" ಎಂದೆ.

ಮೂರು ಸಲ ಇಲ್ಲ ಎಂದೆ. ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ. ಅವಳು ದುಡಿದ ಎರಡು ವರ್ಷದ ಬೆಟ್ಟದ ಕಥೆ ಹೇಳಿದಳು, ನಾನು ಬಾವಿಕಟ್ಟೆಯ ಕಥೆ ಹೇಳಿದೆ. ಲೋಡು ಇಳಿಸುವವರೆಲ್ಲ ಕೆಲಸ ಬಿಟ್ಟು ನಿಂತರು. ಕೊನೆಗೆ ಕರೀಂ ಸಾಬರು ಕೈ ಮುಗಿದರು. "ಅಮ್ಮಾವ್ರೇ, ಎರಡೂ ಇಡಕ್ಕೆ ಜಾಗ ಇಲ್ಲ. ರತ್ನಮ್ಮ, ನಿಮ್ಮ ದಾಳಿಂಬೆಗೆ ಚಳಿ ಇಲ್ದಿದ್ರೂ ನಡೆಯತ್ತೆ. ಅವರದು ಚಳಿ ಇಲ್ದಿದ್ರೆ ನಡೆಯಲ್ಲ. ದೊಡ್ಡ ಮನಸ್ಸು ಮಾಡಿ."

ನಾನು ದೊಡ್ಡ ಮನಸ್ಸು ಮಾಡಲಿಲ್ಲ. ಸೋತವಳ ಹಾಗೆ ಬೀಗದ ಕೈ ಬಿಚ್ಚಿ ಕ್ರೇಟಿನ ಮೇಲೆ ಎಸೆದೆ. ಅದನ್ನು ಎತ್ತಿಕೊಂಡವಳ ಮುಖದಲ್ಲಿ ಎಂಥ ಗೆಲುವಿತ್ತೆಂದರೆ, ಅದು ನಾನೇ ಕೊಟ್ಟ ಗೆಲುವೆಂದು ಗೊತ್ತಿದ್ದೂ ನನಗೆ ಸಹಿಸಲಾಗಲಿಲ್ಲ. ಅವತ್ತು ಬಾಗಿಲು ಮುಚ್ಚುವ ಮೊದಲು ಲಾರ್ಚ್ ಕ್ಯಾರೆಟ್ಟುಗಳ ನಡುವೆ ನಿಂತಿತ್ತು.

ವಿಮಲಾ ಇದನ್ನೆಲ್ಲ ಓದುತ್ತಾಳೋ ಇಲ್ಲವೋ ಗೊತ್ತಿಲ್ಲ. ಓದಿದರೂ ನಂಬುವುದಿಲ್ಲ, ಹೆಸರಿಗಾಗಿ ಈಗ ಕಟ್ಟಿದ ಕಥೆ ಎನ್ನುತ್ತಾಳೆ. ಆ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ದಾಳಿಂಬೆ ಅದಕ್ಕೆ ತೆರಬೇಕಾದ್ದನ್ನು ತೆತ್ತಿತು. ಎಲೆ ಹೊತ್ತ ಮರವನ್ನು ಇದ್ದಕ್ಕಿದ್ದಂತೆ ಕತ್ತಲ ಚಳಿಗೆ ನೂಕಬಾರದು. ಮನೆಗೆ ತಂದ ಮೇಲೆ ಎಲೆಯೆಲ್ಲ ಉದುರಿತು, ಮೇಲಿನ ಒಳ್ಳೆಯ ಕೊಂಬೆ ಒಣಗಿತು. ಆ ವರ್ಷ ಅದನ್ನು ಯಾವ ಮೇಜಿನ ಮೇಲೂ ಇಡುವ ಹಾಗಿರಲಿಲ್ಲ. ಶಿವಣ್ಣ ಒಣ ಕೊಂಬೆ ಮುಟ್ಟಿ ನೋಡಿ ಈ ಸಲ ಏನೂ ತಮಾಷೆ ಮಾಡಲಿಲ್ಲ.

ನನ್ನ ರೂಮಿಗೆ ನಾನು ಹೋಗಲು ಆ ಚಳಿಗಾಲವಿಡೀ ಕರೀಂ ಸಾಬರ ಹತ್ತಿರ ಇನ್ನೊಂದು ಬೀಗದ ಕೈ ಕೇಳಬೇಕಾಯಿತು. ವಿಮಲಾ ಸ್ವೆಟರ್ ಹಾಕಿಕೊಂಡು ವಾರವಾರವೂ ಬಂದು ಬೇರಿನ ಮೇಲಿನ ಪಾಚಿಗೆ ನೀರು ಚಿಮುಕಿಸಿ ಹೋಗುತ್ತಿದ್ದಳು. ನಾನು ಕ್ಯಾರೆಟ್ ನೋಡುವ ನೆಪದಲ್ಲಿ ಹೋಗಿ ಮೊಗ್ಗು ಮುಟ್ಟುತ್ತಿದ್ದೆ. ಗಟ್ಟಿಯಾಗಿದ್ದರೆ ಜೀವವಿದೆ. ಉಜ್ಜಿದಾಗ ಬೆರಳಿಗೆ ಅಂಟಿನ ವಾಸನೆ ಹತ್ತುತ್ತಿತ್ತು. ಅದು ಸಂಜೆಯವರೆಗೂ ಹೋಗುತ್ತಿರಲಿಲ್ಲ.

ಶಿವರಾತ್ರಿ ಕಳೆದು ಮರ ಶಂಕರಪುರದ ತಾರಸಿಗೆ ಬಂತು. ಒಂದು ವಾರ ಏನೂ ಇಲ್ಲ. ಇನ್ನೊಂದು ವಾರವೂ ಏನೂ ಇಲ್ಲ. ಹೊಂಗೆ ಚಿಗುರಿತು, ರಸ್ತೆಯ ಮರಗಳೆಲ್ಲ ಹೂ ಬಿಟ್ಟವು, ಲಾರ್ಚ್ ಮಾತ್ರ ತಂತಿ ಬಗ್ಗಿಸಿಟ್ಟ ಹಾಗೆ ಕಪ್ಪಗೆ ನಿಂತಿತ್ತು. ಒಂದು ಮುಂಜಾನೆ ವಿಮಲಾಳ ಫೋನು. ದನಿಯಲ್ಲಿ ಜಗಳವಿರಲಿಲ್ಲ. "ರತ್ನ, ಒಂದ್ಸಲ ಬಂದು ನೋಡ್ತೀಯಾ? ಸತ್ತಿದ್ರೆ ನೀನು ಮುಲಾಜಿಲ್ದೆ ಹೇಳ್ತೀಯ. ಉಳಿದೋರು ಸಮಾಧಾನ ಮಾಡ್ತಾರೆ ಅಷ್ಟೇ."

ಹೋದೆ. ಅವಳು ಕಾಫಿಯನ್ನೂ ಕೊಡದೆ ಸೀದಾ ಮೇಲೆ ಕರೆದುಕೊಂಡು ಹೋದಳು. ತುದಿಯ ಕೊಂಬೆಯನ್ನು ಉಗುರಿನಿಂದ ಕೆರೆದೆ. ಒಳಗೆ ಕಂದು, ಒಣ. ಅದು ಸೇಬಿನ ಕೋಣೆಯಲ್ಲಿ ಕಳೆದ ಆ ಹೊತ್ತಿನ ಪಾಲು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ವಿಮಲಾ ನನ್ನ ಕೈಯನ್ನೇ ನೋಡುತ್ತಿದ್ದಳು. ಕೆಳಗಿನ ಕೊಂಬೆ ಕೆರೆದೆ. ಹಸಿರು. ಪಕ್ಕದ್ದು ಕೆರೆದೆ. ಹಸಿರು, ಒದ್ದೆ.

"ಇದೆ" ಎಂದೆ.

ಅವಳು ತಾರಸಿಯ ಗೋಡೆಗೆ ಒರಗಿ ಕೂತುಬಿಟ್ಟಳು. "ನೀನು ಇಲ್ಲ ಅಂತೀಯೇನೋ ಅಂದ್ಕೊಂಡಿದ್ದೆ" ಎಂದಳು.

"ಅನ್ನೋಣ ಅಂದ್ಕೊಂಡೆ. ಹಸಿರಾಗಿತ್ತಲ್ಲ, ಏನ್ಮಾಡ್ಲಿ."

ಅದಾದ ನಾಲ್ಕೈದು ದಿನಕ್ಕೆ ಸಾಸಿವೆಕಾಳುಗಳು ಒಡೆದವು. ಯುಗಾದಿಯ ಹೊತ್ತಿಗೆ ಬಸವನಗುಡಿಯ ಕಲ್ಯಾಣಮಂಟಪದಲ್ಲಿ ಪ್ರದರ್ಶನ. ನಡುಮೇಜಿನ ಮೇಲೆ ಲಾರ್ಚ್, ಹಿಂದಿನ ವರ್ಷಕ್ಕಿಂತ ದಟ್ಟವಾಗಿ. ಸತ್ತ ತುದಿಯನ್ನು ವಿಮಲಾ ತೊಗಟೆ ತೆಗೆದು ಬೆಳ್ಳಗೆ ಮಾಡಿ ಹಾಗೆಯೇ ಉಳಿಸಿದ್ದಳು. ನೋಡಿದವರೆಲ್ಲ, ಆಹಾ, ಸಿಡಿಲು ಹೊಡೆದ ಬೆಟ್ಟದ ಮರದ ಹಾಗಿದೆ ಎಂದು ಅದನ್ನೇ ಹೊಗಳಿದರು. ನನ್ನ ದಾಳಿಂಬೆಯ ಒಣ ಕೊಂಬೆಗೆ ಈ ಭಾಗ್ಯ ಇರಲಿಲ್ಲ. ಮುಂದಿದ್ದ ಕಾರ್ಡು ನೋಡಿದೆ. ಸಂಗ್ರಹ, ಪೋಷಣೆ: ವಿಮಲಾ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಚಳಿಗಾಲದ ಆಶ್ರಯ: ಕರೀಂ ಸಾಬ್. ಕರೀಂ ಸಾಬರು ಹೊಸ ಜುಬ್ಬಾ ಹಾಕಿಕೊಂಡು ಬಂದು ಆ ಕಾರ್ಡಿನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ವಿಮಲಾ ಮೈಕ್ ಹಿಡಿದಳು. "ಈ ಮರ ಬದುಕಿದ್ದು ಕ್ಯಾರೆಟ್ಟಿನ ಪುಣ್ಯದಿಂದ. ಆ ರೂಮಿನಲ್ಲಿ ಒಂದು ಮೂಲೆ ಸಿಗಲಿಕ್ಕೆ ನಾನು ಎಷ್ಟು ಹೋರಾಡಬೇಕಾಯ್ತು ಅಂತ ಇಲ್ಲಿ ಕೂತಿರೋರೊಬ್ಬರಿಗೆ ಚೆನ್ನಾಗಿ ಗೊತ್ತು!" ಇಡೀ ಮಂಟಪ ನನ್ನ ಕಡೆ ತಿರುಗಿ ನಕ್ಕಿತು. ಮೇಷ್ಟ್ರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ತಲೆಯಾಡಿಸಿದರು. ನಾನೂ ನಕ್ಕೆ. ಒಂದು ಬುದ್ಧಿಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಒಳ್ಳೆಯ ಕೆಲಸ ಮಾಡುವಾಗ ಒಬ್ಬ ಸಾಕ್ಷಿಯನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಜನ ಕರಗಿದ ಮೇಲೆ ಅವಳು ನನ್ನ ಪಕ್ಕ ಬಂದು ನಿಂತಳು. ಇಬ್ಬರೂ ಮರ ನೋಡುತ್ತಿದ್ದೆವು.

"ಮುಂದಿನ ಚಳಿಗಾಲಕ್ಕೂ ಆ ರೂಮು ನನಗೇ ರತ್ನ. ಈಗ್ಲೇ ಹೇಳಿರ್ತೀನಿ."

ಹೇಳಿಬಿಡಲೇ ಎನ್ನಿಸಿತು. ಮಾತು ನಾಲಿಗೆಯ ತುದಿಗೇ ಬಂದಿತ್ತು. ನಂಬಿದರೆ ಮುಂದಿನ ವರ್ಷ ಕಾರ್ಡಿನಲ್ಲಿ ನನ್ನ ಹೆಸರು. ನಂಬದಿದ್ದರೆ ಕ್ಯಾರೆಟ್ ರೂಮು ನಾನು ಒಡ್ಡಿದ ಬಲೆಯಾಗುತ್ತದೆ, ಅವಳು ಮರವನ್ನು ಎತ್ತಿಕೊಂಡು ನೇರ ಸೇಬಿನ ಪಕ್ಕಕ್ಕೆ ಹೋಗುತ್ತಾಳೆ.

"ಅದ್ಹೇಗಾಗತ್ತೆ? ನನ್ನ ದಾಳಿಂಬೆ ಏನು ಮಾಡ್ಲಿ?" ಎಂದು ಮುಖ ಗಂಟಿಕ್ಕಿಕೊಂಡೆ.

ಅವಳ ಮುಖ ಅರಳಿತು. "ನೋಡ್ಕೋತೀನಿ ನಿನ್ನ" ಎಂದಳು.

ಅಂದಿನಿಂದ ಪ್ರತಿ ಕಾರ್ತಿಕದಲ್ಲೂ ನಾವಿಬ್ಬರೂ ಆ ಬಾಗಿಲ ಮುಂದೆ ಜಗಳವಾಡುತ್ತೇವೆ. ಪ್ರತಿ ಸಲವೂ ನಾನು ಸೋಲುತ್ತೇನೆ. ಈ ವರ್ಷ ಲಾರ್ಚ್ ಇನ್ನೂ ದಟ್ಟವಾಗಿ ಚಿಗುರಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.